ಸಾವ್ಕಾರ್ರ ಗಾಡಿ ಯಾಕ ಥಂಡ ಆಗವಲ್ದು?

ನನ್ನ ಕೆಲಸ ಗಾಡಿ ಎಸಿ ರಿಪೇರಿ. ಹೈದರಾಬಾದಿನ ಸನತ್‌ನಗರದಾಗ ಒಂದು ತಗಡಿನ ಶೆಡ್ಡಿನ್ಯಾಗ ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡ್ಕೋತ ಬಂದೀನಿ. ಇಷ್ಟು ವರ್ಷ ಆದಮ್ಯಾಲ ಮನಷ್ಯಾಗ ಕೆಲಸ ತಿಳೀಬೇಕು, ಹೌದಲ್ರಿ? ಕೆಲಸ ತಿಳದೈತಿ. ಗಿರಾಕಿ ತಿಳಿವಲ್ರು. ವಾರದಾಗ ಒಮ್ಮೆರೆ ಏನರ ಒಂದು ಆಗೇ ಆಗ್ತೈತಿ. ಆಗಿ ಮುಗಿದಮ್ಯಾಲ ನಾ ಕೈಯಾಗ ನಟ್ ಬಿಚ್ಚೋ ಪಾನಾ ಹಿಡ್ಕೊಂಡು, 'ಈಗ ಆಗಿದ್ದಾದ್ರೂ ಏನು?' ಅಂತ ದಿಕ್ಕು ತಪ್ಪಿದವರಂಗ ನಿಂತಿರ್ತೀನಿ. ಆ ಪೈಕಿ ಒಂದಿಷ್ಟು ಹೇಳ್ತೀನಿ. ನಿಮಗೇನರ ತಿಳದ್ರ ನನಗೂ ಹೇಳ್ರಿ.

1. ಮನೀ ಗ್ಯಾಸು

ನಾಚಾರಂ ಕಡಿಂದ ಒಬ್ಬ ಗಿರಾಕಿ ಬಂದ. ಗಾಡಿ ನೋಡಿ, "ಪೈಪ್ ಲೀಕ್ ಆಗಿ ಗ್ಯಾಸೆಲ್ಲಾ ಹೋಗೈತ್ರಿ. ಪೈಪ್ ಬದಲಿ ಮಾಡಿ ಗ್ಯಾಸ್ ತುಂಬಬೇಕು. ನಾಳಿಗಿ ಬರ್ರಿ" ಅಂದೆ. ಮರುದಿನ ಹೇಳಿದ ಟೈಮಿಗಿ ಬಂದ. ಹಿಂದಿನ ಸೀಟಿನ್ಯಾಗ ಯಾರೋ ಕುಂತಂಗ ಕಾಣ್ತು. ಮನೀ ಹಿರೇರನ್ನ ಕರ್ಕೊಂಡು ಬಂದಾನೇನೋ ಅಂತ ನಮಸ್ಕಾರ ಮಾಡಾಕ ಬಾಗಿಲಾ ತಗದ್ರ, ಅಲ್ಲಿ ಅಡಗಿಮನಿ ಸಿಲಿಂಡರ್ ಕುಂತೈತಿ. ಅದಕ್ಕ ಸೀಟ್ ಬೆಲ್ಟ್ ಬ್ಯಾರೆ ಹಾಕ್ಯಾನ!

"ಇದ್ಯಾಕ್ರಿ?" ಅಂದೆ.

"ಹೊರಗಿನ ಗ್ಯಾಸ್ ನಾವು ನಂಬಂಗಿಲ್ರಿ. ಇದು ಮನೀದು. ನಿನ್ನೆನೇ ಬಂದೈತಿ, ಸೀಲ್ ಸುದ್ದಾ ಒಡದಿಲ್ಲ."

ಬಾಜೂಕ ವೆಲ್ಡಿಂಗ್ ನಡದಿತ್ತು, ಮೊದಲ ಓಡಿ ಅದನ್ನ ನಿಲ್ಲಿಸಿ ಬಂದೆ. ಆಮ್ಯಾಲ ಕುಂದ್ರಿಸಿ ಸಾವಕಾಶ ಹೇಳ್ದೆ: "ನೋಡ್ರಿ, ಎಸಿ ಗ್ಯಾಸ್ ಬ್ಯಾರೆ, ಒಲಿ ಗ್ಯಾಸ್ ಬ್ಯಾರೆ. ಇದು ಉರೀತೈತಿ. ಇದನ್ನ ಗಾಡಿ ಎಸಿಗಿ ತುಂಬಿದ್ರ ನೀವೂ ಇರಂಗಿಲ್ಲ, ನಾನೂ ಇರಂಗಿಲ್ಲ."

ಆತ ಭಾಳ ಹೊತ್ತು ಸಿಲಿಂಡರ್ ನೋಡ್ದ. ನನ್ನ ನೋಡ್ದ. ತಲಿ ಅಲ್ಲಾಡಿಸಿದ. ಒಪ್ಪಿದ ಅಂತ ನಾ ಉಸಿರು ಬಿಡೂದ್ರಾಗ ಕೇಳೇಬಿಟ್ಟ:

"ಹಂಗಾದ್ರ ಚಳಿಗಾಲಕ್ಕರೆ ನಡೀತೈತೇನ್ರಿ?"

2. ಅರ್ಧ ಕೆಲಸ ಕಮ್ಮಿ ಮಾಡು

ಅಂತಾವ್ರು ಬರ್ತಾರ, ಹೋಗ್ತಾರ. ಆದ್ರ ನಮ್ಮ ಶೆಡ್ಡಿನ ಮಾಲಕರು ಎಲ್ಲಿ ಹೋಗಬೇಕು? ಅವ್ರು ಮೂಲದಾಗ ಬೀದರ್ ಕಡ್ಯಾವ್ರು. ಇಲ್ಲಿ ಬಂದು ಬ್ಯಾಳಿ ವ್ಯಾಪಾರ ಮಾಡಿ ನಾಲ್ಕು ಆಸ್ತಿ ಮಾಡ್ಯಾರ. ಈಗ ಅಂಗಡಿ ಮಗಗ ಕೊಟ್ಟು ಮನ್ಯಾಗ ಇರ್ತಾರ. ನಾವೆಲ್ಲಾ ಸಾವ್ಕಾರ್ರು ಅಂತೀವಿ. ಹೊರಗ ಮಂದಿ ಜೋಡಿ ತೆಲುಗು, ಹಿಂದಿ. ಸಿಟ್ಟು ಬಂದಾಗ ಮಾತ್ರ ಕನ್ನಡ. ನನ್ನ ಜೋಡಿ ಯಾವಾಗಲೂ ಕನ್ನಡಾನೇ.

ಈ ವರ್ಷ ಬ್ಯಾಸಗ್ಯಾಗ ಅವರ ಬಿಳೀ ಗಾಡಿ ಶೆಡ್ಡಿನ ಮುಂದ ಬಂದು ನಿಂತ್ತು. ಸಾವ್ಕಾರ್ರು ಬೆವತು ನೀರಾಗಿದ್ರು. ಬಾಜೂಕಿನ ಸೀಟಿನ್ಯಾಗ ಅವರ ಮನಿಯವ್ರು, ನಾವು ಅವ್ವಾರು ಅಂತೀವಿ, ಹೆಗಲ ಮ್ಯಾಲ ಶಾಲು ಹೊತ್ಕೊಂಡು ಆರಾಮ ಕುಂತಿದ್ರು.

"ಮಿಸ್ತ್ರಿ, ಎಸಿ ಸತ್ತೈತಿ" ಅಂದ್ರು ಸಾವ್ಕಾರ್ರು. "ಗಾಳಿ ಬರ್ತೈತಿ, ಥಂಡ ಬರವಲ್ದು. ಮೊದಲ ಹೇಳು, ಈ ಕಂಪ್ರೆಸರ್ ಅಂದ್ರೇನು? ತಿಳೀಲಾರ್ದ ನಾ ಯಾವ ರಿಪೇರಿನೂ ಮಾಡಸಂಗಿಲ್ಲ."

ನಾ ಬಾನೆಟ್ ಎತ್ತಿ ತೋರಿಸಿದೆ. "ಇದು ಕಂಪ್ರೆಸರ್ ರಿ. ಇಂಜಿನ್ ಪಟ್ಟಾದ ಮ್ಯಾಲ ತಿರಗ್ತೈತಿ. ಇದು ಗ್ಯಾಸಿನ್ನ ಹಿಚಕ್ತೈತಿ. ಹಿಚಕಿದ್ರ ಗ್ಯಾಸ್ ಬಿಸಿ ಆಗ್ತೈತಿ. ಬಿಸಿ ಗ್ಯಾಸ್ ಮುಂದಿನ ಜಾಳಗ್ಯಾಗ ಹೋಗಿ ಆರ್ತೈತಿ. ಆರಿದ್ದನ್ನ ಒಂದು ಸಣ್ಣ ತೂತಿನಾಗಿಂದ ಒಮ್ಮೆಲೇ ಬಿಟ್ರ, ಅದು ಐಸ್ ಆದಂಗ ಥಂಡ ಆಗ್ತೈತಿ. ಅದರ ಮ್ಯಾಲಿಂದ ಗಾಳಿ ಬಂದು ನಿಮಗ ಬಡೀತೈತಿ."

ಅವ್ವಾರು ಒಳಗಿಂದ, "ಪಾಪ, ಅವ್ನಿಗಿ ಯಾಕ ಕಾಡ್ತೀರಿ? ಕಿಡಕಿ ತಗದ್ರ ಎಷ್ಟು ಚಲೋ ಗಾಳಿ ಬರ್ತೈತಿ" ಅಂದ್ರು. ಎಂಥಾ ದೊಡ್ಡ ಮನಸ್ಸು ಅಂತ ನನಗ ಕಣ್ಣಾಗ ನೀರು ಬರೋದೊಂದೇ ಬಾಕಿ.

ಸಾವ್ಕಾರ್ರು ಅದನ್ನ ಕಿವಿಗಿ ಹಾಕ್ಕೊಳ್ಳಿಲ್ಲ. ಹುಬ್ಬು ಗಂಟು ಹಾಕಿ ನಿಂತಿದ್ರು. "ಅಂದ್ರ ಮೊದಲ ಬಿಸಿ ಮಾಡ್ತೀರಿ, ಆಮ್ಯಾಲ ಅದನ್ನೇ ಆರಿಸ್ತೀರಿ."

"ಹೌದ್ರಿ."

"ಬಿಸಿ ಮಾಡೋದು ಬಿಟ್ಟುಬಿಡು. ಅರ್ಧ ಕೆಲಸ ಕಮ್ಮಿ ಆಗ್ತೈತಿ."

ಅವ್ರು ಹೋದಮ್ಯಾಲ ನಾನೂ ಒಂದು ಗಳಿಗಿ ಸ್ಟೂಲ್ ಮ್ಯಾಲ ಕುಂತು ವಿಚಾರ ಮಾಡ್ದೆ. ಹೌದಲ್ಲ, ಯಾಕ ಬಿಸಿ ಮಾಡ್ತೀವಿ?

3. ನಾ ಕುಂತ್ರ ಥಂಡ

ಮೊದಲನೇ ಸಲ ಗ್ಯಾಸ್ ಪೂರಾ ತಗದು, ವ್ಯಾಕ್ಯೂಮ್ ಹೊಡದು, ಹೊಸಾದು ತುಂಬಿದೆ. ಮಾಲಕರ ಗಾಡಿ, ರೊಕ್ಕದ ಮಾತೇ ಇಲ್ಲ. ಮೀಟರಿನ ಸೂಜಿ ಎಲ್ಲಿ ನಿಂದ್ರಬೇಕೋ ಅಲ್ಲೇ ನಿಂತ್ತು. ಎಸಿ ಬಟನ್ ಒತ್ತಿದ್ರ ಕಂಪ್ರೆಸರಿನ ಕ್ಲಚ್ 'ಟಕ್' ಅಂತ ಹಿಡೀತು. ಆ ಟಕ್ ಅನ್ನೋದು ನಮ್ಮ ಧಂದೇದಾಗ ದೇವರ ಗಂಟಿ ಇದ್ದಂಗ. ಟಕ್ ಅಂದ್ರ ಕಂಪ್ರೆಸರ್ ತಿರಗಾಕ ಹತ್ತಿತು, ಇನ್ನೊಮ್ಮೆ ಟಕ್ ಅಂದ್ರ ನಿಂತ್ತು. ಒಳಗ ಕುಂತು ನೋಡಿದ್ರ ಹಲ್ಲು ಕಟಕಟ ಅನ್ನೂವಷ್ಟು ಥಂಡ.

ಸಾವ್ಕಾರ್ರು ಅವ್ವಾರ ಜೋಡಿ ಬಂದು ಗಾಡಿ ಒಯ್ದ್ರು. ಅರ್ಧ ತಾಸಿಗಿ ಫೋನ್ ಬಂತು: "ಏನ್ ರಿಪೇರಿ ಮಾಡಿಯೋ ಮಾರಾಯ? ಗಾಡಿ ಭಟ್ಟಿ ಆಗೇತಿ!"

ಎರಡನೇ ಸಲ ಪಟ್ಟಾ ಬದಲಿ ಮಾಡ್ದೆ, ಕ್ಲಚ್ಚಿನ ಸಂದು ಸರಿ ಮಾಡ್ದೆ, ವೈರ್ ಎಲ್ಲಾ ಬಿಚ್ಚಿ ನೋಡ್ದೆ. ಈ ಸಲ ಸಾವ್ಕಾರ್ರು ಒಬ್ಬರೇ ಬಂದ್ರು. "ನನ್ನ ಜೋಡಿ ಕುಂದ್ರು, ಒಂದು ಚಕ್ಕರ್ ಹೊಡಿಯೂಣು" ಅಂದ್ರು. ಸನತ್‌ನಗರ ಪೂರಾ ಸುತ್ತಿದ್ವಿ. ಫ್ಯಾಕ್ಟರಿ ಬಿಡೋ ಹೊತ್ತು, ಟ್ರಾಫಿಕ್ಕಿನ್ಯಾಗ ಇಪ್ಪತ್ತು ಮಿನಿಟ್ ನಿಂತ್ವಿ. ಅಲ್ಲೂ ಥಂಡ. ಸಾವ್ಕಾರ್ರಿಗಿ ಎರಡು ಸೀನು ಸುದ್ದಾ ಬಂದ್ವು. ನನಗ ಸಮಾಧಾನ ಆತು.

ಮರುದಿನ ಮುಂಜಾನೆ ಮತ್ತ ಫೋನ್. ಅವ್ವಾರನ್ನ ಕರ್ಕೊಂಡು ದವಾಖಾನಿಗಿ ಹೋಗಿದ್ರಂತ, ಹೋಗ್ತನಾ ಬರ್ತನಾ ಬೆವರು.

ಸಿಟ್ಟಿನ್ಯಾಗ ಶೆಡ್ಡಿಗಿ ಬಂದು ನಿಂತ್ರು. "ನೀ ಕುಂತ್ರ ಥಂಡ, ನಾ ಸಂಸಾರ ಕುಂದ್ರಿಸ್ಕೊಂಡು ಹೊಂಟ್ರ ಬಿಸಿ! ಬೋರ್ಡಿನ ಮ್ಯಾಲ ಎಸಿ ಅಂತ ಇಷ್ಟುದ್ದ ಬರಸೀದಿ. ಸ್ವಂತ ಮಾಲಕನ ಗಾಡಿ ಥಂಡ ಮಾಡಾಕ ಬರಂಗಿಲ್ಲ. ಒಬ್ಬ ಟೈರಿನಾಂವ ಈ ಶೆಡ್ ಕೇಳಾಕತ್ಯಾನ. ದಸರಾ ತನಕ ನೋಡ್ತೀನಿ. ಆಗೂ ಥಂಡ ಬರಲಿಲ್ಲಂದ್ರ ಚಾವಿ ಕೊಟ್ಟು ನಡಿ."

ಹತ್ತೊಂಬತ್ತು ವರ್ಷದ ಗಿರಾಕಿ ಎಲ್ಲಾ ಈ ಶೆಡ್ಡಿನ ಗುರ್ತಿನ ಮ್ಯಾಲೇ ಬರ್ತಾರ. ನಮ್ಮ ಮನಿನೂ ಹಿಂದಿನ ಗಲ್ಲ್ಯಾಗೇ ಐತಿ. ಇದು ಹೋದ್ರ ಎಲ್ಲಿಗಿ ಹೋಗ್ಲಿ? ಖರೇ ಹೇಳ್ತೀನಿ, ಅಳು ಬಂತು. ಸಾವ್ಕಾರ್ರು ಹೋಗ್ತಾ ಹೋಗ್ತಾ ಒಂದು ಮಾತು ಕೇಳಿದ್ರು:

"ಖರೇ ಹೇಳು, ಆ ಗಾಡಿ ನಿಮ್ಮ ಸಂಬಂಧಿಕರ ಪೈಕಿ ಏನು? ನಿನ್ನ ಮುಂದ ಅಷ್ಟು ಮರ್ಯಾದಿಲೆ ಇರ್ತೈತಿ?"

4. ಚಾಚಾನ ಡಯಾಗ್ನೋಸಿಸ್

ಮೂರನೇ ಸಲ ನಾ ಕಂಪ್ರೆಸರ್ ಪೂರಾ ಇಳಿಸೇಬಿಟ್ಟೆ. ಬಿಚ್ಚಿ, ಪಿಸ್ಟನ್ ನೋಡಿ, ಆಯಿಲ್ ಬದಲಿ ಮಾಡಿ, ಸೀಲ್ ಎಲ್ಲಾ ಹೊಸಾವು ಹಾಕಿದೆ. ಒಳಗ ಒಂದು ಗೀರು ಸುದ್ದಾ ಇದ್ದಿಲ್ಲ. ಕೆಟ್ಟ ಕಂಪ್ರೆಸರ್ ನೋಡಿ ಯಾರಿಗರ ಖುಷಿ ಆಗ್ತೈತೇನ್ರಿ? ಅವತ್ತು ಒಂದು ಕೆಟ್ಟ ಭಾಗ ಸಿಕ್ಕಿದ್ರ ನಾ ಅದಕ್ಕ ಮುದ್ದು ಕೊಡ್ತಿದ್ದೆ.

ಬಾಜೂಕ ಗಾಡಿ ವೈರಿಂಗ್ ಮಾಡೋ ಒಬ್ಬ ಮುದುಕ ಚಾಚಾ ಅದಾರ. ಬಾಯಾಗ ಪಾನ್ ಹಾಕ್ಕೊಂಡು ನನ್ನ ಒದ್ದಾಟ ನೋಡ್ಕೋತ ಕುಂತಿದ್ರು. ಕಡೀಕ ಪಾನ್ ಉಗುಳಿ ಬಂದು ಅಂದ್ರು: "ಗಾಡೀ ಕೋ ನಕ್ಕೋ ದೇಖೋ ಮಿಯಾ, ಗಾಡೀ ಮೇ ಬೈಠೇ ಸೋ ಲೋಗಾಂ ಕೋ ದೇಖೋ." ಗಾಡಿ ನೋಡಬ್ಯಾಡ, ಗಾಡ್ಯಾಗ ಕುಂತ ಮಂದೀನ್ನ ನೋಡು ಅಂತ.

ನನಗ ಸಿಟ್ಟು ಬಂತು. ಶೆಡ್ ಹೋಗಾಕತ್ತೈತಿ, ಇವ್ರದೇನು ವೇದಾಂತ? "ಚಾಚಾ, ಮಂದಿ ನೋಡಿದ್ರ ಎಸಿ ಥಂಡ ಆಗ್ತೈತೇನು?" ಅಂತ ಬೈದು ಕಳಿಸಿದೆ. ಆಮ್ಯಾಲ ಸುಮ್ಮ ಅನುಮಾನಕ್ಕ, ಗಾಡಿ ಒಯ್ಯಾಕ ಬಂದ ಸಾವ್ಕಾರ್ರನ್ನ ಒಮ್ಮೆ ಮ್ಯಾಲಿಂದ ಕೆಳಗ ನೋಡ್ದೆ. ಅವ್ರು, "ಏನ್ ನೋಡ್ತಿ, ನನ್ನ ಗ್ಯಾಸೂ ತಗೀತಿಯೇನು?" ಅಂದ್ರು.

5. ಖಂಡೇ ಪೂಜಿ

ಮೂರನೇ ರಿಪೇರಿ ಆದಮ್ಯಾಲೂ ಅದೇ ಕಥಿ, ಅಷ್ಟರಾಗ ದಸರಾ ಬಂತು. ಖಂಡೇ ಪೂಜಿ, ಅಂದ್ರ ಆಯುಧ ಪೂಜಿ ದಿನ ನಮ್ಮ ಶೆಡ್ಡಿನ್ಯಾಗ ಪಾನಾ, ಮೀಟರ್, ವ್ಯಾಕ್ಯೂಮ್ ಪಂಪ್, ಸತ್ತ ಕಂಪ್ರೆಸರ್ ಎಲ್ಲಾ ಸಾಲಾಗಿ ಇಟ್ಟು ವಿಭೂತಿ ಹಚ್ಚಿ ಪೂಜಿ ಮಾಡ್ತೀವಿ. ಮುಂಜಾನೆನೇ ಸಾವ್ಕಾರ್ರ ಗಾಡಿ ತಂದಿಟ್ಟಿದ್ದೆ. ಕಡೀ ಆಸಿಲೆ ಗಾಡಿ ಒಳಗಿನ ಗಾಳಿ ಫಿಲ್ಟರ್ ತಗದು, ತೊಳದು, ಒಣಗಾಕ ತಂತಿ ಮ್ಯಾಲ ಹಾಕಿದೆ. ನನ್ನ ಹೆಣ್ತಿ ಕಡಬು ತಗೊಂಡು ಬಂದಾಕಿ, "ಅದೇನ್ರಿ ತಂತಿ ಮ್ಯಾಲ ಚಾಪಿ ಅಂತಾದ್ದು?" ಅಂತ ಕೇಳಿದ್ಲು. "ಆಮ್ಯಾಲ ಹೇಳ್ತೀನಿ" ಅಂದೆ. ಪೂಜಿ ಗಡಿಬಿಡ್ಯಾಗ ಅದನ್ನ ಮರತೇಬಿಟ್ಟೆ.

ಸಾವ್ಕಾರ್ರ ಮನಿದೇವ್ರು ಮೈಲಾರಲಿಂಗ. ಅವರ ಮನ್ಯಾಗ ಪೂಜಿ ಅಂದ್ರ ಭಂಡಾರ. ಅರಿಶಿಣ ಪುಡಿ ಚಿಟಿಕಿಲೆ ಹಚ್ಚೋ ಮಂದಿ ಅಲ್ಲ, ಮುಷ್ಟಿಲೆ ತೂರೋ ಮಂದಿ. "ಏಳಕೋಟಿ ಏಳಕೋಟಿ!" ಅಂತ ಕೂಗಿ ಇಂಜಿನ್ ಮ್ಯಾಲ ಒಂದು ಮುಷ್ಟಿ, ಕಂಪ್ರೆಸರ್ ಮ್ಯಾಲ ಒಂದು ಮುಷ್ಟಿ, ಗಾಜಿನ ಬುಡಕ ಎರಡು ಮುಷ್ಟಿ. ಆ ಗಾಜಿನ ಬುಡಕ ಒಂದು ಕರೀ ಜಾಳಗಿ ಇರ್ತೈತಿ ನೋಡ್ರಿ, ಒಳಗ ಬರೋ ಗಾಳಿ ಅದರಾಗಿಂದೇ ಬರ್ತೈತಿ. ನಡುವ ತಡ್ಯಾಕ ಇರೋದು ಆ ಫಿಲ್ಟರ್ ಒಂದೇ. ಅದು ತಂತಿ ಮ್ಯಾಲ ಒಣಗಾಕತ್ತಿತ್ತು.

"ಮೆಹದಿಪಟ್ಟಣಂದಾಗ ಮಗಳ ಮನ್ಯಾಗ ಊಟ ಐತಿ" ಅಂದ್ರು ಸಾವ್ಕಾರ್ರು. "ನೀ ಹಿಂದ ಕುಂದ್ರು. ಅಲ್ಲಿ ತನಕ ಥಂಡ ಇದ್ರ ಶೆಡ್ ನಿಂದು. ಇಲ್ಲಂದ್ರ ಅಲ್ಲಿಂದ ಬಸ್ಸಿಗಿ ಬಾ, ಬಂದು ಸಾಮಾನು ಕಟ್ಟು."

ಅವ್ವಾರು ಮುಂದ, ಹೆಗಲ ಮ್ಯಾಲ ಅದೇ ಶಾಲು. ನಾ ಹಿಂದ, ಕೈ ಮುಗ್ಕೊಂಡು. "ಫ್ಯಾನ್ ಫುಲ್ ಇಡ್ರಿ ಸಾವ್ಕಾರ್ರ" ಅಂದೆ. ಅವ್ರು ಫುಲ್ ಇಟ್ರು.

ಭಪ್!

ಏನ್ ಹೇಳ್ಲಿ. ನಾಲ್ಕೂ ತೂತಿನಾಗಿಂದ ಭಂಡಾರ ಬಂತು. ಗಾಡಿ ಒಳಗ ಹಳದಿ ಮಂಜು ಕವದಂಗಾತು. ಸಾವ್ಕಾರ್ರು ಬ್ರೇಕ್ ಹಾಕಿದ್ರು. ಅವರ ಬಿಳೀ ಧೋತ್ರ ಹಳದಿ, ಮೀಸಿ ಹಳದಿ, ಚಶ್ಮಾ ಹಳದಿ. ಅವ್ವಾರು ಕಣ್ಣು ಮುಚ್ಚಿ, "ಏಳಕೋಟಿ ಏಳಕೋಟಿ!" ಅಂತ ಕೈ ಮುಗದುಬಿಟ್ರು. ಶೆಡ್ ಹೋತು ಅಂತ ನಾನೂ ಕಣ್ಣು ಮುಚ್ಚಿದೆ.

ಸಾವ್ಕಾರ್ರು ಚಶ್ಮಾ ತಗದು, ಒರಸ್ಕೊಂಡು, ಸಾವಕಾಶ ಅಂದ್ರು: "ಇಷ್ಟು ವರ್ಷ ನಾವು ಗಾಡಿಗಿ ಭಂಡಾರ ಹಚ್ಚಿದ್ವಿ. ಇವತ್ತು ಗಾಡಿ ನಮಗ ಹಚ್ಚೇತಿ."

ಬೈದ್ರೋ, ಭಕ್ತಿಲೆ ಅಂದ್ರೋ, ನನಗ ತಿಳೀಲಿಲ್ಲ. ಗಾಡಿ ಮುಂದ ಹೊಂಟ್ತು. ಥಂಡ ಬರಾಕ ಹತ್ತಿತು. ನಾ ಕಿವಿ ಕಂಪ್ರೆಸರ್ ಕಡೇ ಇಟ್ಟಿದ್ದೆ. ಎರಡು ಸಿಗ್ನಲ್ ದಾಟಿದ್ವಿ. ಮೂರನೇ ಸಿಗ್ನಲ್ಲಿನ ಹತ್ರ ಕೇಳಿಸ್ತು.

ಟಕ್.

ಕಂಪ್ರೆಸರ್ ನಿಂತ್ತು. ಗಾಳಿ ಬೆಚ್ಚಗಾಗಾಕ ಹತ್ತಿತು. "ನೋಡ್ದಿ? ನೋಡ್ದಿಲ್ಲೋ? ಹೋತು!" ಅಂತ ಸಾವ್ಕಾರ್ರು ಕೂಗಿದ್ರು. ಗಾಡಿ ಕೆಂಪು ದೀಪಕ್ಕ ನಿಂತಿತ್ತು. ಚಶ್ಮಾದ ಮ್ಯಾಲ ಮತ್ತ ಭಂಡಾರ ಕುಂತಿತ್ತು, ಅದನ್ನ ತಗದ್ರು. ಅವ್ರಿಗಿ ಚಶ್ಮಾ ಹಾಕ್ಕೊಂಡ್ರ ದೂರದ್ದು ಕಾಣ್ತೈತಿ, ತಗದ್ರ ಹತ್ರದ್ದು ಕಾಣ್ತೈತಿ. ಗಾಡಿ ನಡಸೋವಾಗ ಯಾವತ್ತೂ ತಗದವ್ರಲ್ಲ. ಅವತ್ತು ಮೊದಲನೇ ಸಲ ಅವರ ಕಣ್ಣಿಗಿ ಎಸಿ ಬಟನ್ ಕಾಣ್ತು.

ಕರೀ ಬಟನ್. ಅದರ ದೀಪ ಆರಿತ್ತು. ಅದರ ನಟ್ಟನಡುವ ದುಂಡಗ ಒಂದು ಹಳದಿ ಕೈಬಟ್ಟಿನ ಗುರ್ತು.

ಸಾವ್ಕಾರ್ರು ಬಟನ್ ನೋಡಿದ್ರು. ಆಮ್ಯಾಲ ಸಾವಕಾಶ ಅವ್ವಾರ ಕೈ ನೋಡಿದ್ರು. ಅವ್ವಾರು ಕೈನ ಶಾಲಿನೊಳಗ ಜಗ್ಗಿದ್ರು.

"ಇದೇನಿದು?"

ಅವ್ವಾರು ರೆಪ್ಪಿ ಬಡೀಲಿಲ್ಲ. "ಅದಕ್ಕೊಂದು ಪೂಜಿ ಆಗಿದ್ದಿಲ್ಲ. ಮಾಡ್ದೆ."

ಆಮ್ಯಾಲ ತಾವೇ ಬಾಯಿಬಿಟ್ರು. "ಮೊಳಕಾಲಿಗಿ ಥಂಡಿ ಹೊಡದು ಜೀವ ಹೋಗ್ತೈತಿ. ಒಮ್ಮೆ ಹೇಳಿದ್ರ, ಎಸಿ ಗಾಡ್ಯಾಗ ಎಸಿ ಬಂದ್ ಮಾಡ್ಕೊಂಡು ಕುಂದ್ರಾಕ ನಾನೇನು ಹುಚ್ಚನೇನು ಅಂದ್ರಿ. ಬಾಯಿಲೆ ಹೇಳಿದ್ದು ಕೇಳಲಿಲ್ಲ, ಬಟ್ಟಿಲೆ ಹೇಳ್ದೆ."

ಹಿಂದಿನ ಗಾಡಿಯವ್ರು ಹಾರ್ನ್ ಹೊಡ್ಯಾಕ ಹತ್ತಿದ್ರು. ನಾ ಶೆಡ್ ಉಳೀತು ಅಂತ ಮನಸ್ಸಿನ್ಯಾಗೇ ಕುಣ್ಯಾಕತ್ತಿದ್ದೆ. ಅಷ್ಟರಾಗ ಸಾವ್ಕಾರ್ರು ಹಳದಿ ಮೀಸಿ ನನ್ನ ಕಡಿ ತಿರುಗಿಸಿದ್ರು:

"ಗಾಡ್ಯಾಗ ಏನೂ ಕೆಟ್ಟೇ ಇದ್ದಿಲ್ಲಂದ್ರ, ಮಗನ, ನೀ ಮೂರು ಸಲ ರಿಪೇರಿ ಮಾಡಿದ್ದೇನು?"

6. ಶೆಡ್ ಯಾರದು?

ಅವತ್ತು ನಾ ಏನು ಹೇಳ್ದೆ ಅಂತ ಕೇಳಬ್ಯಾಡ್ರಿ. ಮಗಳ ಮನ್ಯಾಗ ಊಟಕ್ಕರೆ ಹಾಕಿದ್ರು. ಆದ್ರ ಶೆಡ್ಡಿನ ಮಾತು ಅಲ್ಲಿಗೇ ನಿಂತ್ತು. "ಆಮ್ಯಾಲ ಹೇಳ್ತೀನಿ" ಅಂದ್ರು ಸಾವ್ಕಾರ್ರು. ಒಳಗಿನ ಭಂಡಾರ ತಗ್ಯಾಕ ಗಾಡಿ ನನ್ನ ಹತ್ರಾನೇ ಬಿಟ್ಟಿದ್ರು.

ಮೂರನೇ ದಿನ ಮಧ್ಯಾಹ್ನ ಅವ್ವಾರು ಆಟೋದಾಗ ಒಬ್ಬರೇ ಬಂದಿಳಿದ್ರು. ಆಕಡಿ ಈಕಡಿ ನೋಡಿ ಶೆಡ್ಡಿನೊಳಗ ಬಂದ್ರು. "ತಮ್ಮಾ, ಒಂದು ಕೆಲಸ ಮಾಡಿಕೊಡು. ನನ್ನ ಕಡಿಗಿ ಕಾಣಲಾರ್ದಂಗ ಒಂದು ಬಟನ್ ಇಡು. ಅದನ್ನ ಒತ್ತಿದ್ರ ಮುಂದಿನ ದೀಪ ಹತ್ತೇ ಇರಬೇಕು, ಥಂಡ ಬರಬಾರ್ದು. ಅವತ್ತು ಊಟ ಆಗಿ ಬರ್ತನಾ ಅವ್ರು ಚಶ್ಮಾ ತಗದು ತಗದು ದೀಪಾನೇ ನೋಡ್ತಿದ್ರು."

"ಅವ್ವಾರ, ಸಾವ್ಕಾರ್ರಿಗಿ ತಿಳದ್ರ ಶೆಡ್ ಹೋಗ್ತೈತ್ರಿ" ಅಂದೆ.

ಅವ್ವಾರು ನಕ್ಕರು. "ಹುಚ್ಚಪ್ಪ. ಶೆಡ್ ಯಾರ ಹೆಸರಿಲೆ ಐತಿ ಗೊತ್ತೈತೇನು? ನಮ್ಮಪ್ಪ ನನಗ ಕೊಡಿಸಿದ್ದು. ಕಾಗದ ನನ್ನ ಪೆಟ್ಟಿಗ್ಯಾಗ ಐತಿ."

ಅಂದ್ರ ಅಷ್ಟು ತಿಂಗಳು ನಾ ಹಿಡಿದಿದ್ದು ತಪ್ಪು ಕಾಲು! ಆತ್ರಿ ಅವ್ವಾರ ಅಂತ ಬಟನ್ ಕುಂದ್ರಿಸಿದೆ.

ಸಂಜಿಕ ಸಾವ್ಕಾರ್ರು ನಡಕೋತ ಬಂದ್ರು. ಅವರೂ ಆಕಡಿ ಈಕಡಿ ನೋಡಿದ್ರು. "ಮಿಸ್ತ್ರಿ, ನನ್ನ ಸೀಟಿನ ಬುಡಕ ಒಂದು ಬಟನ್ ಇಡು. ಆಕಿ ಎಲ್ಲಿ ಏನು ಒತ್ತಿದ್ರೂ ಕಂಪ್ರೆಸರ್ ನಿಂದ್ರಬಾರ್ದು."

"ಅವ್ವಾರಿಗಿ ತಿಳದ್ರ...?"

"ಆಕಿಗ್ಯಾಕ ಹೆದರ್ತಿ? ಶೆಡ್ ಯಾರದು ಅನ್ನೋದು ನಿನಗ ಗೊತ್ತೈತಿಲ್ಲೋ?"

ಹತ್ತೊಂಬತ್ತು ವರ್ಷದಾಗ ಮೊದಲನೇ ಸಲ ನಾ ಅವರ ಮುಂದ ಒಂದು ಖರೇ ಮಾತು ಹೇಳ್ದೆ: "ಇಲ್ರಿ ಸಾವ್ಕಾರ್ರ, ಗೊತ್ತಿಲ್ಲ."

ಅವರ ಬಟನ್ನೂ ಇಟ್ಟೆ. ಎರಡೂ ವೈರ್ ಒಂದಕ್ಕೊಂದು ಸುತ್ಕೊಂಡು ಎಲ್ಲಿಂದ ಎಲ್ಲಿಗಿ ಹೋದ್ವೋ ನನಗೇ ನೆನಪಿಲ್ಲ. ಆಮ್ಯಾಲ ಯಾರೂ ಹೇಳಲಾರ್ದ ಒಂದು ಕೆಲಸ ಮಾಡ್ದೆ. ಅವ್ವಾರ ಮೊಳಕಾಲಿನ ಕಡಿ ಗಾಳಿ ಬರೋ ತೂತಿಗಿ ಒಳಗಿಂದ ಒಂದು ಸ್ಪಂಜಿನ ತುಂಡು ತುರುಕಿದೆ. ಆ ಗಾಡಿಗಿ ನಾ ಮಾಡಿದ ಖರೇ ರಿಪೇರಿ ಅಂದ್ರ ಅದೊಂದೇ.

ಎಂಟು ದಿನ ಬಿಟ್ಟು ಇಬ್ಬರೂ ಜೋಡೀಲೆ ಬಂದ್ರು. ಸಾವ್ಕಾರ್ರು ನನ್ನ ಬಾಜೂಕ ಕರದು ಕಿವ್ಯಾಗ ಅಂದ್ರು: "ಭಾಳ ಚಲೋ ಮಾಡಿದಿ, ಪೂರಾ ಚಾಲೂನೇ ಇರ್ತೈತಿ. ಆಕಿಗಿ ಗೊತ್ತೇ ಇಲ್ಲ. ಟೈರಿನಾವ್ಗ ಬ್ಯಾರೆ ಕಡಿ ಜಾಗ ತೋರ್ಸೀನಿ, ನೀ ಇಲ್ಲೇ ಇರು." ಅವ್ವಾರು ಕಿಡಕ್ಯಾಗಿಂದ ಸನ್ನಿ ಮಾಡಿ ಕರದ್ರು: "ಪೂರಾ ಬಂದ್ ಇರ್ತೈತಿ ತಮ್ಮಾ, ಮೊಳಕಾಲು ಆರಾಮ ಅದಾವ. ಅವ್ರಿಗಿ ಗೊತ್ತೇ ಇಲ್ಲ." ಇಬ್ಬರೂ ನಕ್ಕೋತ ಹೋದ್ರು. ನಾ ಕೈ ಮುಗ್ಕೊಂಡು ನಿಂತಿದ್ದೆ.

ಚಾಚಾ ಪಾನ್ ಜಗಿಯೋದು ನಿಲ್ಲಿಸಿ ಕೇಳಿದ್ರು, "ಹೌದು ಮಿಯಾ, ಈಗ ಆ ಗಾಡ್ಯಾಗ ಎಸಿ ಚಾಲೂ ಐತೋ, ಬಂದ್ ಐತೋ?"

"ಕೇಳೋರು ಯಾರು ಅನ್ನೋದರ ಮ್ಯಾಲ ಐತಿ ಚಾಚಾ" ಅಂದೆ.